ಒಂದು ಬ್ಯಾಕ್ ಉಳಿದರೆ ಸ್ಕಾಲರ್‌ಶಿಪ್ ಹೋಗುತ್ತದೆಯೇ?

ರಿಸಲ್ಟ್ ಬಂದ ವಾರ ತುಮಕೂರಿನ ಯಾವ ಕಾಲೇಜಿನ ಆಫೀಸಿಗೆ ಹೋದರೂ ಕಿವಿಗೆ ಬೀಳುವ ಪ್ರಶ್ನೆ ಒಂದೇ. "ಸಾರ್, ಒಂದು ಬ್ಯಾಕ್ ಉಳ್ಕೊಂಡಿದೆ, ಸ್ಕಾಲರ್‌ಶಿಪ್ ಬರಲ್ವಂತೆ, ಹೌದಾ ಸಾರ್?" ಕೌಂಟರಿನ ಆಚೆ ಕೂತವರಿಗೆ ಪುರುಸೊತ್ತಿರುವುದಿಲ್ಲ. "ಹಾಕಿ ನೋಡಪ್ಪ" ಅಂತಲೋ "ಬರಲ್ಲ ಕಣಮ್ಮ" ಅಂತಲೋ ಒಂದು ಮಾತು ಹೇಳಿ ಕಳಿಸುತ್ತಾರೆ. ಎರಡನೆಯ ಮಾತು ಕೇಳಿಸಿಕೊಂಡವರು ಅರ್ಜಿಯನ್ನೇ ಹಾಕುವುದಿಲ್ಲ. ತಿರಸ್ಕಾರವಾದ ಅರ್ಜಿಯನ್ನು ಹಿಡಿದುಕೊಂಡು ಕಚೇರಿಗೆ ಹೋಗಿ ಕೇಳಬಹುದು; ಹಾಕದೇ ಇದ್ದ ಅರ್ಜಿಯ ಬಗ್ಗೆ ಯಾರನ್ನು ಕೇಳುವುದು?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬ್ಯಾಕ್ ಅಂದರೆ ಪಾಸಾಗದೆ ಉಳಿದ ಪೇಪರ್; ಅಂಥ ಒಂದೆರಡು ಇದ್ದ ಮಾತ್ರಕ್ಕೆ ಮೆಟ್ರಿಕ್ ನಂತರದ (ಎಸ್ಸೆಸ್ಸೆಲ್ಸಿ ಆದ ಮೇಲಿನ ಓದಿನ) ವಿದ್ಯಾರ್ಥಿವೇತನ ನಿಲ್ಲುವುದಿಲ್ಲ. ಮುಂದಿನ ತರಗತಿಗೆ ಹೋಗಲಾಗದೆ ಅದೇ ವರ್ಷದಲ್ಲಿ ಕೂತರೆ ನಿಲ್ಲುತ್ತದೆ. ಇನ್ನು ಕೆಲವು ಯೋಜನೆಗಳಿವೆ, ಅವಕ್ಕೆ ಪಾಸಾದರೂ ಸಾಲದು, ಇಂತಿಷ್ಟು ಅಂಕ ಬೇಕು. ಮತ್ತೂ ಕೆಲವಕ್ಕೆ ಮೊದಲನೇ ಸಲವೇ ಪಾಸಾಗಿರಬೇಕು. ಈ ಮೂರನ್ನೂ ಒಂದೇ ಬುಟ್ಟಿಗೆ ಹಾಕಿ "ಸ್ಕಾಲರ್‌ಶಿಪ್" ಅಂತ ಕರೆಯುವುದರಿಂದಲೇ ಅರ್ಧ ಗೊಂದಲ.

ಮೊದಲು ಬ್ಯಾಕ್ ಬೇರೆ, ಇಯರ್ ಬ್ಯಾಕ್ ಬೇರೆ ಎಂಬುದನ್ನು ಬಿಡಿಸಿಕೊಳ್ಳೋಣ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುವವರಿಗೆ ಸಾಮಾನ್ಯವಾಗಿ ಕ್ಯಾರಿ ಓವರ್ ಪದ್ಧತಿ. ಮೂರನೇ ಸೆಮಿಸ್ಟರಿನ ಎರಡು ಪೇಪರ್ ಹೋದರೂ ನಾಲ್ಕಕ್ಕೆ, ಅಲ್ಲಿಂದ ಐದಕ್ಕೆ ಹೋಗುತ್ತಾ, ಹೋದ ಪೇಪರನ್ನು ಮಧ್ಯದಲ್ಲಿ ಬರೆದು ಮುಗಿಸಬಹುದು. ಎಂಜಿನಿಯರಿಂಗ್‌ನಲ್ಲಿ ಹಾಗಲ್ಲ. ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯವಾದ ವಿಟಿಯು ಪ್ರತಿ ಸ್ಕೀಮಿಗೂ, ಅಂದರೆ ಪಠ್ಯಕ್ರಮಕ್ಕೂ, ಒಂದು ಮಿತಿ ಇಟ್ಟಿರುತ್ತದೆ; ಅದಕ್ಕಿಂತ ಹೆಚ್ಚು ಸಬ್ಜೆಕ್ಟ್ ಉಳಿಸಿಕೊಂಡರೆ ಮುಂದಿನ ವರ್ಷಕ್ಕೆ ಬಿಡುವುದಿಲ್ಲ. ಹುಡುಗರು ಇಯರ್ ಬ್ಯಾಕ್ ಅನ್ನುವುದು ಇದಕ್ಕೇ. ಸ್ವಾಯತ್ತ ಕಾಲೇಜುಗಳಾದರೆ ತಮ್ಮದೇ ನಿಯಮಾವಳಿ ಇಟ್ಟುಕೊಂಡಿರುತ್ತವೆ, ಅದನ್ನು ಕಾಲೇಜಿನ ಕೈಪಿಡಿಯಲ್ಲೇ ನೋಡಬೇಕು.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಕೇಂದ್ರ ಪುರಸ್ಕೃತ ಯೋಜನೆ. 2021ರಲ್ಲಿ ಪರಿಷ್ಕರಿಸಿದ ಮೇಲೆ ವೆಚ್ಚದಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40. ಕುಟುಂಬದ ಆದಾಯ ವರ್ಷಕ್ಕೆ 2.5 ಲಕ್ಷ ರೂಪಾಯಿ ಮೀರಿರಬಾರದು. ವಾಪಸ್ ಬಾರದ ಶುಲ್ಕಗಳ ಜೊತೆಗೆ ಕೈಗೆ ವರ್ಷಕ್ಕೊಂದು ಶೈಕ್ಷಣಿಕ ಭತ್ಯೆ ಸಿಗುತ್ತದೆ: ಎಂಜಿನಿಯರಿಂಗ್‌ನಂಥ ಮೊದಲ ಗುಂಪಿನ ಕೋರ್ಸಿಗೆ ಹಾಸ್ಟೆಲಿನಲ್ಲಿ ಇರುವವರಿಗೆ 13,500, ಮನೆಯಿಂದ ಓಡಾಡುವವರಿಗೆ 7,000, ಮಾಮೂಲಿ ಪದವಿಗೆ ಕ್ರಮವಾಗಿ 6,000 ಮತ್ತು 3,000. ಮೂರು ಸಾವಿರ ದೊಡ್ಡ ಮೊತ್ತವೇನಲ್ಲ ಅನ್ನಿಸಬಹುದು. ಆದರೆ ಅದರ ಜೊತೆಗಿರುವ ಶುಲ್ಕದ ಭಾರವನ್ನು ಸೇರಿಸಿ ನೋಡಬೇಕು. ಎಂಜಿನಿಯರಿಂಗ್ ಹುಡುಗನ ಮನೆಯಲ್ಲಿ ನಡುಕ ಹುಟ್ಟಿಸುವುದು ಭತ್ಯೆ ನಿಲ್ಲುವುದಲ್ಲ, ಶುಲ್ಕ ಕೈಯಿಂದ ಕಟ್ಟಬೇಕಾಗುವುದು.

ಈ ಯೋಜನೆಯ ಮಾರ್ಗಸೂಚಿಯಲ್ಲಿ ಬಹಳ ಜನ ಓದದ ಒಂದು ಷರತ್ತು ಬಹಳ ಹಿಂದಿನಿಂದಲೂ ಇದೆ. ಅದರ ಸಾರಾಂಶ ಇಷ್ಟು: ವಿಶ್ವವಿದ್ಯಾಲಯದ ನಿಯಮದ ಪ್ರಕಾರವೇ ಒಬ್ಬ ವಿದ್ಯಾರ್ಥಿ ಕೆಳಗಿನ ತರಗತಿಯನ್ನು ಪೂರ್ತಿ ಪಾಸಾಗದೆ ಮೇಲಿನ ತರಗತಿಗೆ ಹೋಗಿ, ಉಳಿದ ಪರೀಕ್ಷೆಯನ್ನು ಆಮೇಲೆ ಬರೆಯಬೇಕಿದ್ದರೆ, ಅವನು ಈಗ ಓದುತ್ತಿರುವ ಮೇಲಿನ ತರಗತಿಗೆ ವಿದ್ಯಾರ್ಥಿವೇತನಕ್ಕೆ ಅರ್ಹ. ಕೌಂಟರಿನ ಪ್ರಶ್ನೆಗೆ ಇಲ್ಲೇ ಉತ್ತರ ಇದೆ. ಅಂಕಪಟ್ಟಿಯಲ್ಲಿ ಫೇಲ್ ಅಂತ ಇದೆಯೋ ಇಲ್ಲವೋ ಎಂಬುದಕ್ಕಿಂತ, ಈ ವರ್ಷ ಯಾವ ತರಗತಿಗೆ ದಾಖಲಾಗಿದ್ದೀರಿ ಎಂಬುದು ಮುಖ್ಯ.

ಇಬ್ಬರನ್ನು ಊಹಿಸಿಕೊಳ್ಳಿ. ಶಿರಾ ಕಡೆಯ ಹುಡುಗಿ, ತುಮಕೂರಿನಲ್ಲಿ ಬಿ.ಕಾಂ. ಎರಡನೇ ವರ್ಷದಲ್ಲಿ ಕಾರ್ಪೊರೇಟ್ ಅಕೌಂಟಿಂಗ್, ಸ್ಟ್ಯಾಟಿಸ್ಟಿಕ್ಸ್ ಎರಡೂ ಉಳಿದಿವೆ. ಆದರೂ ಐದನೇ ಸೆಮಿಸ್ಟರಿಗೆ ಫೀಸು ಕಟ್ಟಿ ತರಗತಿಗೆ ಹೋಗುತ್ತಿದ್ದಾಳೆ. ಅವಳು ಅರ್ಜಿ ಹಾಕಬೇಕು, ಹಾಕಲೇಬೇಕು. ಕುಣಿಗಲ್ಲಿನ ಹುಡುಗ, ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಮಿತಿ ಮೀರಿ ಸಬ್ಜೆಕ್ಟ್ ಉಳಿಸಿಕೊಂಡು ಇಯರ್ ಬ್ಯಾಕ್ ಆಗಿದ್ದಾನೆ. ಒಂದೇ ತರಗತಿಗೆ ಎರಡು ಸಲ ದುಡ್ಡು ಕೊಡುವುದಿಲ್ಲ ಎಂಬುದು ಸಾಮಾನ್ಯ ನಿಯಮ. ಮೇಲಿನ ತರಗತಿಗೆ ಹೋಗುವವರೆಗೆ ಖರ್ಚು ಅವನದೇ. ಹಾಗಿದ್ದರೂ ಹಿಂದಿನ ಮಾರ್ಗಸೂಚಿಗಳಲ್ಲಿ ಮೊದಲ ಗುಂಪಿನ ಕೋರ್ಸಿನವರು ಮೊದಲ ಸಲ ಫೇಲಾದಾಗ ಒಮ್ಮೆ ನವೀಕರಿಸುವ ಅವಕಾಶ ಇಟ್ಟದ್ದುಂಟು. ಆದ್ದರಿಂದ ಅವನೂ ಸಮಾಜ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಈ ವರ್ಷದ ಆದೇಶ ಏನೆಂದು ಕೇಳದೆ ಕೈಬಿಡಬಾರದು. ಇನ್ನೊಂದು ಮಾತು: ಒಂದು ವರ್ಷ ನಿಂತಿತೆಂದರೆ ಕೋರ್ಸ್ ಮುಗಿಯುವವರೆಗೂ ನಿಂತಿತು ಅಂತಲ್ಲ. ಮುಂದಿನ ತರಗತಿಗೆ ಬಂದ ವರ್ಷ ಮತ್ತೆ ಅರ್ಜಿ ಹಾಕಬಹುದು. ಒಮ್ಮೆ ಪೆಟ್ಟು ತಿಂದವರು ಇದನ್ನು ಮರೆತು, ಆಮೇಲಿನ ಎರಡು ವರ್ಷದ್ದನ್ನೂ ಬಿಟ್ಟುಬಿಡುತ್ತಾರೆ.

ಇಯರ್ ಬ್ಯಾಕಿನ ಹೊಡೆತ ಒಂದು ಕಡೆಯಿಂದ ಮಾತ್ರ ಬರುವುದಿಲ್ಲ, ಅದೇ ಕಷ್ಟ. ಅಪ್ಪನ ಹೆಸರಲ್ಲಿ ಜಮೀನಿದ್ದು ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಇದ್ದರೆ ರೈತ ವಿದ್ಯಾನಿಧಿ ಬರುತ್ತಿರುತ್ತದೆ. 2021ರಲ್ಲಿ ಶುರುವಾದ ಈ ಯೋಜನೆಯಲ್ಲಿ ಮಾಮೂಲಿ ಪದವಿಯ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500. ಎಂಜಿನಿಯರಿಂಗ್, ಮೆಡಿಕಲ್, ಸ್ನಾತಕೋತ್ತರಕ್ಕೆ 10,000 ಮತ್ತು 11,000 ಅಂತ ನಿಗದಿ ಮಾಡಿದ್ದರು. ಅದೇ ಸೆಮಿಸ್ಟರನ್ನೋ ವರ್ಷವನ್ನೋ ಎರಡನೇ ಸಲ ಓದುವವರಿಗೆ ಇದರಲ್ಲೂ ಜಾಗವಿಲ್ಲ. ಹಾಸ್ಟೆಲ್ ಸೀಟಿನ ನವೀಕರಣಕ್ಕೂ ಮುಂದಿನ ತರಗತಿಯ ಪ್ರವೇಶದ ದಾಖಲೆ ಕೇಳುತ್ತಾರೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ಊಟ, ವಸತಿಗೆಂದು ಕೊಡುವ ವಿದ್ಯಾಸಿರಿ, ಶುರುವಾದಾಗಿನ ಲೆಕ್ಕದಲ್ಲಿ, ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000. ಹೀಗೆ ಕೂಡಿಸುತ್ತಾ ಹೋದರೆ ಒಂದು ವರ್ಷ ಹಿಂದೆ ಬಿದ್ದ ಹುಡುಗನ ಮನೆಗೆ ಎಷ್ಟು ಕಡೆಯಿಂದ ಬಾಗಿಲು ಮುಚ್ಚುತ್ತದೆ ಎಂದು ಗೊತ್ತಾಗುತ್ತದೆ. ಓದಿನಲ್ಲಿ ಎಡವಿದ ವರ್ಷವೇ ಆಸರೆ ಬೇಕಾದ ವರ್ಷ. ನಮ್ಮ ನಿಯಮಗಳು ಆಸರೆ ತೆಗೆಯುವುದೂ ಅದೇ ವರ್ಷ. ಸರ್ಕಾರದ ದುಡ್ಡಿಗೆ ಲೆಕ್ಕ ಬೇಕು ನಿಜ, ಒಪ್ಪುತ್ತೇನೆ. ಆದರೆ ಕನಿಷ್ಠ ಊಟ, ವಸತಿಯ ನೆರವನ್ನಾದರೂ ರಿಸಲ್ಟಿಗೆ ಕಟ್ಟಬಾರದಿತ್ತು ಅನ್ನುವುದು ನನ್ನ ಅಭಿಪ್ರಾಯ.

ಈಗ ಅಂಕ ಕೇಳುವ ಯೋಜನೆಗಳು. ಇಲ್ಲಿ ಲೆಕ್ಕಾಚಾರವೇ ಬೇರೆ. ಕೇಂದ್ರದ ಶಿಕ್ಷಣ ಸಚಿವಾಲಯ ಪಿಯುಸಿಯಲ್ಲಿ ಚೆನ್ನಾಗಿ ಮಾಡಿದವರಿಗೆ ಕೊಡುವ ಕೇಂದ್ರೀಯ ವಲಯದ ವಿದ್ಯಾರ್ಥಿವೇತನ ಇದೆಯಲ್ಲ, ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ (ಎನ್‌ಎಸ್‌ಪಿ) ಅರ್ಜಿ ಹಾಕುವುದು, ಅದು ಪದವಿಯ ಮೊದಲ ಮೂರು ವರ್ಷ ತಲಾ 12,000, ಸ್ನಾತಕೋತ್ತರದಲ್ಲಿ 20,000. ಮಂಡಳಿಯ ಪರೀಕ್ಷೆಯಲ್ಲಿ 80ನೇ ಪರ್ಸೆಂಟೈಲಿಗಿಂತ ಮೇಲಿದ್ದು, ಅಂದರೆ ಬರೆದವರಲ್ಲಿ ಮೇಲಿನ ಶೇ. 20ರೊಳಗಿದ್ದು, ಕುಟುಂಬದ ಆದಾಯ 4.5 ಲಕ್ಷದ ಒಳಗಿರಬೇಕು. ಆದರೆ ಪ್ರತಿ ವರ್ಷ ನವೀಕರಿಸುವಾಗ ಶೇ. 50 ಅಂಕ ಮತ್ತು ಶೇ. 75 ಹಾಜರಾತಿ ಎರಡೂ ಇರಬೇಕು. ಎಲ್ಲ ಪೇಪರಲ್ಲೂ ನಲವತ್ತೆರಡು, ನಲವತ್ತೈದು ಬಂದು ಪಾಸಾದವಳಿಗೆ ಬ್ಯಾಕ್ ಇಲ್ಲ, ಆದರೂ ಇದು ಕೈತಪ್ಪುತ್ತದೆ. ಪಿಯುಸಿಯಲ್ಲಿ ತೊಂಬತ್ತು ತೆಗೆದವರು ಬಿ.ಎಸ್ಸಿ. ಮೊದಲ ವರ್ಷದಲ್ಲಿ ಇಂಗ್ಲಿಷ್ ಮಾಧ್ಯಮದ ಹೊಡೆತಕ್ಕೆ ಐವತ್ತರ ಆಸುಪಾಸು ಬರುವುದು ನಮ್ಮ ಕಡೆ ಅಪರೂಪವಲ್ಲ. ಅಂಥವರು ಮೊದಲ ಸೆಮಿಸ್ಟರಿನ ಅಂಕ ಬಂದ ಕೂಡಲೇ ಲೆಕ್ಕ ಹಾಕಿಕೊಳ್ಳಬೇಕು: ಮೊದಲಲ್ಲಿ ಸರಾಸರಿ 46 ಬಂದಿದ್ದರೆ, ಎರಡರಲ್ಲೂ ಒಟ್ಟು ಅಂಕ ಒಂದೇ ಅಂದುಕೊಂಡರೆ, ಎರಡನೆಯದರಲ್ಲಿ 54 ಬಾರದೆ ವರ್ಷದ ಸರಾಸರಿ ಐವತ್ತು ಮುಟ್ಟುವುದಿಲ್ಲ.

ವಸಂತನರಸಾಪುರದ ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳಿಗೆ ಇಂಥದ್ದೇ ಇನ್ನೊಂದು ಇದೆ. ಸಂಬಳದಿಂದ ಕಾರ್ಮಿಕ ಕಲ್ಯಾಣ ನಿಧಿಗೆ ವಂತಿಗೆ ಹೋಗುವ ಕಾರ್ಮಿಕರ ಮಕ್ಕಳಿಗೆ ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿ ಶೈಕ್ಷಣಿಕ ಪ್ರೋತ್ಸಾಹಧನ ಕೊಡುತ್ತದೆ. ಹಿಂದಿನ ತರಗತಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 50, ಪರಿಶಿಷ್ಟರಿಗೆ ಶೇ. 45 ಅಂಕ ಇರಬೇಕು. ಇದು ಬಹಳ ಮನೆಗಳಿಗೆ ಗೊತ್ತೇ ಇಲ್ಲ, ಅಂಕ ಇದ್ದವರೂ ಕೇಳುವುದಿಲ್ಲ.

ಮೊದಲ ಪ್ರಯತ್ನ ಕೇಳುವುದು ಸಮಾಜ ಕಲ್ಯಾಣ ಮತ್ತು ಪರಿಶಿಷ್ಟ ವರ್ಗಗಳ ಇಲಾಖೆಗಳ ಪ್ರೋತ್ಸಾಹಧನ, ಹುಡುಗರ ಬಾಯಲ್ಲಿ ಪ್ರೈಜ್ ಮನಿ. ಪರಿಶಿಷ್ಟ ಜಾತಿ, ಪಂಗಡದವರು ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದರೆ ಪಿಯುಸಿ, ಡಿಪ್ಲೊಮಾಕ್ಕೆ 20,000, ಪದವಿಗೆ 25,000, ಸ್ನಾತಕೋತ್ತರಕ್ಕೆ 30,000, ಎಂಜಿನಿಯರಿಂಗ್, ಮೆಡಿಕಲ್, ಕೃಷಿ, ಪಶುವೈದ್ಯಕೀಯಕ್ಕೆ 35,000. ಒಂದು ಪೇಪರ್ ಉಳಿಸಿಕೊಂಡು ಆಮೇಲೆ ಬರೆದು ಎಂಬತ್ತು ತೆಗೆದರೂ ಮೊದಲ ಪ್ರಯತ್ನ ಅನ್ನುವ ಷರತ್ತು ತಪ್ಪಿಹೋಯಿತು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅಡ್ಡಿ ಬಾರದ ಆ ಒಂದೇ ಬ್ಯಾಕ್ ಇಲ್ಲಿ ಇಪ್ಪತ್ತೈದು ಸಾವಿರ ಕಳೆಯುತ್ತದೆ. "ಬ್ಯಾಕ್ ಆದ್ರೆ ದುಡ್ಡು ಬರಲ್ಲ" ಎಂಬ ಮಾತು ಹುಡುಗರಲ್ಲಿ ಹರಡಿದ್ದು ಇಂಥ ಕಡೆಯಿಂದಲೇ ಇರಬೇಕು.

ಅಂಕದ ವಿಷಯ ಇಷ್ಟು. ಆದರೆ ಡಿಗ್ರಿ ಓದುವವರ ಮಟ್ಟಿಗೆ ನಿಜವಾದ ಗಂಡಾಂತರ ಹಾಜರಾತಿ. ಫೇಲಾದರೆ ಕ್ಯಾರಿ ಓವರ್ ಇದೆ; ಹಾಜರಾತಿ ಕಡಿಮೆಯಾಗಿ ಪರೀಕ್ಷೆಗೇ ಕೂರಿಸದಿದ್ದರೆ ಕ್ಯಾರಿ ಓವರ್ ಎಲ್ಲಿಂದ ಬರಬೇಕು? ಆ ಸೆಮಿಸ್ಟರನ್ನು ಮತ್ತೆ ಓದಬೇಕಾಗುತ್ತದೆ, ಅಲ್ಲಿಗೆ ಅವನೂ ಅದೇ ತರಗತಿಯಲ್ಲಿ ಉಳಿದವರ ಸಾಲಿಗೆ ಸೇರಿದ. ಪದವಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಪ್ರತಿ ವಿಷಯದಲ್ಲೂ ಶೇ. 75 ಬೇಕು. ವಿಟಿಯುನಲ್ಲಿ ಶೇ. 85; ಸರಿಯಾದ ಕಾರಣವಿದ್ದರೆ ಪ್ರಾಂಶುಪಾಲರ ಶಿಫಾರಸಿನ ಮೇಲೆ ಶೇ. 10ರಷ್ಟು ವಿನಾಯಿತಿ ಸಿಗಬಹುದು, ಅಂದರೆ 75ಕ್ಕಿಂತ ಕೆಳಗೆ ದಾರಿಯೇ ಇಲ್ಲ.

"ಪ್ರತಿ ವಿಷಯದಲ್ಲೂ" ಎಂಬುದನ್ನು ಗಮನಿಸಿ. ಒಂದು ಪೇಪರಿಗೆ ಸೆಮಿಸ್ಟರಿನಲ್ಲಿ 60 ಗಂಟೆ ಪಾಠ ನಡೆದರೆ 15 ತಪ್ಪಿಸಬಹುದು, ಹದಿನಾರನೆಯದಕ್ಕೆ ಆಪತ್ತು. ಪಾವಗಡದ ಹಳ್ಳಿಯಿಂದ ಮಧುಗಿರಿ ಮೇಲೆ ಬರುವ ಬಸ್ಸು ದಿನಾ ಒಂಬತ್ತೂವರೆಯ ತರಗತಿಗೆ ತಡವಾಗಿ ತಲುಪಿಸಿದರೆ, ಹುಡುಗಿ ದಿನವಿಡೀ ಕಾಲೇಜಿನಲ್ಲಿದ್ದರೂ ಮೊದಲ ಪೀರಿಯಡ್ಡಿನ ವಿಷಯದಲ್ಲಿ ಮಾತ್ರ ಹಾಜರಾತಿ ಕುಸಿಯುತ್ತದೆ. ಒಟ್ಟು ಹಾಜರಾತಿ ನೋಡಿದರೆ ಎಂಬತ್ತೈದು, ಆ ಒಂದು ವಿಷಯ ನೋಡಿದರೆ ಅರವತ್ತು. ಕಡಲೆಕಾಯಿ ಕೀಳುವಾಗ, ಅಡಿಕೆ ಸುಲಿಯುವಾಗ ಮನೆಯಲ್ಲಿ ಕೈ ಸಾಲದೆ ಹದಿನೈದು ದಿನ ಉಳಿದವನ ಕಥೆಯೂ ಅಷ್ಟೆ: ವಾರಕ್ಕೆ ನಾಲ್ಕು ತರಗತಿಯಂತೆ ಎಂಟು ಹೋದವು, ಉಳಿದ ಏಳರಲ್ಲಿ ಜ್ವರ, ಜಾತ್ರೆ, ಮದುವೆ ಎಲ್ಲ ಮುಗಿಯಬೇಕು. ರಾತ್ರಿ ಪಾಳಿಯ ಕೆಲಸ ಹಿಡಿದಿರುವವರು, ಬೆಳಗ್ಗೆ ಫುಡ್ ಡೆಲಿವರಿಗೆ ಹೋಗುವವರು ಎಷ್ಟೋ ಮಂದಿ ಇದ್ದಾರೆ. ತಿಂಗಳಿಗೊಮ್ಮೆ ವಿಷಯವಾರು ಹಾಜರಾತಿ ನೋಡಿಕೊಳ್ಳದೆ ಪರೀಕ್ಷೆ ಶುಲ್ಕ ಕಟ್ಟುವ ದಿನ ನೋಟಿಸ್ ಬೋರ್ಡಿನಲ್ಲಿ ಹೆಸರು ಕಂಡು ಹೌಹಾರಿದರೆ ಆಗ ಯಾರೂ ಏನೂ ಮಾಡಲಾಗದು.

ಕಾಯಿಲೆಯ ಮಾತು ಬೇರೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಮಾರ್ಗಸೂಚಿಯಲ್ಲಿ ಇದಕ್ಕೊಂದು ಕಿಂಡಿ ಬಿಟ್ಟಿದ್ದಾರೆ. ಅನಾರೋಗ್ಯದಿಂದಲೋ ಊಹಿಸಲಾಗದ ಬೇರೆ ಕಾರಣದಿಂದಲೋ ವಾರ್ಷಿಕ ಪರೀಕ್ಷೆ ಬರೆಯಲಾಗದಿದ್ದರೆ, ವೈದ್ಯಕೀಯ ಪ್ರಮಾಣಪತ್ರದಂಥ ದಾಖಲೆ ಕೊಟ್ಟು, ಪರೀಕ್ಷೆ ಬರೆದಿದ್ದರೆ ಪಾಸಾಗುತ್ತಿದ್ದ ಎಂದು ಪ್ರಾಂಶುಪಾಲರು ದೃಢೀಕರಿಸಿದರೆ, ಮುಂದಿನ ವರ್ಷಕ್ಕೂ ನವೀಕರಿಸಬಹುದು. ದಾಖಲೆ ಅಂದರೆ ಆ ದಿನಗಳದ್ದೇ ಆಗಿರಬೇಕು. ಡೆಂಗಿ ಬಂದು ಜಿಲ್ಲಾಸ್ಪತ್ರೆಯಲ್ಲಿ ಮಲಗಿದ್ದವನು ಡಿಸ್ಚಾರ್ಜ್ ಚೀಟಿಯನ್ನು ಎಸೆದು, ಆರು ತಿಂಗಳಾದ ಮೇಲೆ ಊರಿನ ಕ್ಲಿನಿಕ್ಕಿನಿಂದ ಒಂದು ಪತ್ರ ಬರೆಸಿಕೊಂಡು ಬಂದರೆ ಯಾವ ಪ್ರಾಂಶುಪಾಲರೂ ಸಹಿ ಹಾಕಲು ಹಿಂಜರಿಯುತ್ತಾರೆ.

ಅದೇ ಮಾರ್ಗಸೂಚಿಯ ಹಳೆಯ ಆವೃತ್ತಿಯಲ್ಲಿ ದುರ್ನಡತೆಯ ಪಟ್ಟಿಯೊಂದಿತ್ತು. ಅನುಮತಿಯಿಲ್ಲದೆ ತರಗತಿಗೆ ಗೈರಾಗುವುದರ ಜೊತೆಗೆ ಮುಷ್ಕರದಲ್ಲಿ ಭಾಗವಹಿಸುವುದೂ ಅದರಲ್ಲಿ ಸೇರಿತ್ತು. ವಿದ್ಯಾರ್ಥಿವೇತನ ರದ್ದು ಮಾಡಲು ಅದು ಸಾಕಿತ್ತು. ಬಾಕಿ ವಿದ್ಯಾರ್ಥಿವೇತನ ಬಿಡುಗಡೆ ಮಾಡಿ ಎಂದು ಜಿಲ್ಲಾಧಿಕಾರಿ ಕಚೇರಿ ಮುಂದೆ ಕೂರುವ ವಿದ್ಯಾರ್ಥಿಗಳಿಗೆ ಇದನ್ನು ಓದಿ ಹೇಳಿದರೆ ನಗಬೇಕೋ ಅಳಬೇಕೋ ತಿಳಿಯಲಿಕ್ಕಿಲ್ಲ.

ಅರ್ಧಕ್ಕೆ ಬಿಡುವವರೂ, ಕೋರ್ಸ್ ಬದಲಿಸುವವರೂ ಒಂದು ವಿಷಯ ತಿಳಿದಿರಬೇಕು. ವಿದ್ಯಾರ್ಥಿವೇತನ ಪಡೆದ ವರ್ಷದ ನಡುವೆಯೇ ಓದು ಬಿಟ್ಟರೆ ಕೊಟ್ಟದ್ದನ್ನು ವಾಪಸ್ ಕೇಳುವ ಅಧಿಕಾರ ಸರ್ಕಾರಕ್ಕಿದೆ. ಹಾಗೆಯೇ ಒಂದು ಹಂತ ಮುಗಿಸಿ ಅದೇ ಹಂತದ ಇನ್ನೊಂದು ಕೋರ್ಸಿಗೆ, ಉದಾಹರಣೆಗೆ ಬಿ.ಎ. ಆದ ಮೇಲೆ ಬಿ.ಕಾಂ.ಗೆ, ಸೇರಿದರೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇಲ್ಲ. ಅಕೌಂಟ್ಸ್ ತಲೆಗೆ ಹತ್ತುತ್ತಿಲ್ಲ, ಬಿ.ಎ.ಗೆ ಬದಲಾಯಿಸಿಕೊಳ್ಳೋಣ ಎಂದುಕೊಳ್ಳುವವರು ಸೆಮಿಸ್ಟರ್ ಶುರುವಾದ ಮೊದಲ ವಾರಗಳಲ್ಲೇ, ಅರ್ಜಿ ಹಾಕುವ ಮೊದಲೇ, ಕಾಲೇಜಿನಲ್ಲಿ ಮಾತಾಡುವುದು ಒಳ್ಳೆಯದು.

ಬ್ಯಾಂಕಿನ ಶಿಕ್ಷಣ ಸಾಲ ಪಡೆದವರಿಗೆ ಚುಟುಕಾಗಿ ಹೇಳಬೇಕಾದ್ದು ಎರಡು. ಸಾಲ ಕಂತಿನಲ್ಲಿ ಬಿಡುಗಡೆಯಾಗುತ್ತದೆ, ಮುಂದಿನ ಕಂತಿಗೆ ಬ್ಯಾಂಕು ಅಂಕಪಟ್ಟಿ ಕೇಳುತ್ತದೆ. ಇಯರ್ ಬ್ಯಾಕ್ ಆಗಿ ಕೋರ್ಸ್ ತಡವಾದರೆ ಎರಡು ವರ್ಷದವರೆಗೆ ಅವಧಿ ವಿಸ್ತರಿಸಲು ಬ್ಯಾಂಕುಗಳ ಮಾದರಿ ಸಾಲ ಯೋಜನೆಯಲ್ಲೇ ಅವಕಾಶವಿದೆ, ಆದರೆ ಅರ್ಜಿ ಕೊಟ್ಟು ಕೇಳಬೇಕು. ಸುಮ್ಮನಿದ್ದರೆ ಹಳೆಯ ಲೆಕ್ಕದ ಪ್ರಕಾರವೇ ಸಾಲ ತೀರಿಸುವ ಕಂತು ಶುರುವಾಗುತ್ತದೆ. ಎರಡನೆಯದು, ವಾರ್ಷಿಕ ಆದಾಯ 4.5 ಲಕ್ಷದೊಳಗಿನ ಕುಟುಂಬಗಳಿಗೆ ಕೇಂದ್ರ ಕೊಡುವ ಬಡ್ಡಿ ಸಬ್ಸಿಡಿ. ಕೋರ್ಸನ್ನು ನಡುವೆ ಬಿಟ್ಟವರಿಗೆ, ಓದಿನ ಅಥವಾ ಶಿಸ್ತಿನ ಕಾರಣಕ್ಕೆ ಕಾಲೇಜು ಹೊರಗೆ ಹಾಕಿದವರಿಗೆ ಅದು ಸಿಗುವುದಿಲ್ಲ. ಕಾಯಿಲೆಯಿಂದ ಬಿಟ್ಟವರಿಗೆ ಮಾತ್ರ ವಿನಾಯಿತಿ, ಅದಕ್ಕೂ ದಾಖಲೆ ಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿದಿದೆ. ದುಡ್ಡು ಬಾರದೆ ಇದ್ದಾಗ ಹುಡುಗರು ಮೊದಲು ಬೈದುಕೊಳ್ಳುವುದು ತಮ್ಮ ಬ್ಯಾಕನ್ನು. ರಾಜ್ಯದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಎಸ್‌ಎಸ್‌ಪಿ ಪೋರ್ಟಲ್ ತೆರೆದು ಅರ್ಜಿಯ ಸ್ಥಿತಿ ನೋಡಿದರೆ ಬಹಳ ಸಲ ಕಾರಣ ಬೇರೆಯೇ ಇರುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ. ಜೋಡಣೆ ಆಗಿದ್ದರೂ ಯಾವುದೋ ಹಳೆಯ ಖಾತೆಗೆ ಆಗಿ, ಹಣ ಅಲ್ಲಿಗೆ ಹೋಗಿ ಕೂತಿದೆ. ನಾಡಕಚೇರಿಯ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೊಂದು ಹೆಸರು, ಆಧಾರಿನಲ್ಲೊಂದು ಹೆಸರು. ಕಾಲೇಜಿನಲ್ಲಿ ಇ-ಅಟೆಸ್ಟೇಶನ್ (ದಾಖಲೆಗಳ ಆನ್‌ಲೈನ್ ದೃಢೀಕರಣ) ಮಾಡಿಸಿಲ್ಲ. ಪದವಿ ವಿದ್ಯಾರ್ಥಿಗಳ ಪ್ರವೇಶದ ವಿವರವನ್ನು ಪೋರ್ಟಲ್ ವಿಶ್ವವಿದ್ಯಾಲಯದ ದತ್ತಾಂಶದಿಂದಲೇ ತೆಗೆದುಕೊಳ್ಳುವುದರಿಂದ, ಆ ದತ್ತಾಂಶವಿರುವ ಯುಯುಸಿಎಂಎಸ್ ತಂತ್ರಾಂಶದಲ್ಲಿ ಕಾಲೇಜು ಈ ವರ್ಷದ ಸೆಮಿಸ್ಟರನ್ನು ನವೀಕರಿಸದಿದ್ದರೆ ಐದನೇ ಸೆಮಿಸ್ಟರಿನ ಹುಡುಗಿ ಕಂಪ್ಯೂಟರಿನ ಕಣ್ಣಿಗೆ ಇನ್ನೂ ಮೂರರಲ್ಲೇ ಇರುತ್ತಾಳೆ. ಇಯರ್ ಬ್ಯಾಕ್ ಆದವಳಿಗೂ ಇವಳಿಗೂ ಅಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಇದು ಅವಳ ತಪ್ಪಲ್ಲ, ಆದರೆ ಓಡಾಡಿ ಸರಿಪಡಿಸಿಕೊಳ್ಳಬೇಕಾದವಳು ಅವಳೇ.

ಹಾಗೆ ಓಡಾಡುವಾಗ ಎಲ್ಲಿಗೆ ಹೋಗಬೇಕೆಂಬುದು ನೀವು ಯಾವ ಇಲಾಖೆಯ ಅಡಿ ಬರುತ್ತೀರಿ ಎಂಬುದರ ಮೇಲಿದೆ: ಪರಿಶಿಷ್ಟ ಜಾತಿಯವರು ಸಮಾಜ ಕಲ್ಯಾಣ, ಪಂಗಡದವರು ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗದವರು ಹಿಂದುಳಿದ ವರ್ಗಗಳ ಕಲ್ಯಾಣ (ಬಿಸಿಎಂ), ಅಲ್ಪಸಂಖ್ಯಾತರು ತಮ್ಮ ಇಲಾಖೆಯ ಕಚೇರಿ. ಕೈಯಲ್ಲಿ ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ಈ ವರ್ಷ ಫೀಸು ಕಟ್ಟಿದ ರಸೀದಿ, ಎಸ್‌ಎಸ್‌ಪಿ ಐಡಿ ಇರಲಿ. ಬ್ಯಾಕ್ ಇದ್ದವರು ಇನ್ನೊಂದು ಕಾಗದ ಒಯ್ಯಬೇಕು: "ಸದರಿ ವಿದ್ಯಾರ್ಥಿಯು ವಿಶ್ವವಿದ್ಯಾಲಯದ ನಿಯಮಾನುಸಾರ ಮುಂದಿನ ತರಗತಿಗೆ ಪ್ರವೇಶ ಪಡೆದು ಪ್ರಸ್ತುತ ಐದನೇ ಸೆಮಿಸ್ಟರಿನಲ್ಲಿ ವ್ಯಾಸಂಗ ಮಾಡುತ್ತಿದ್ದಾರೆ" ಎಂದು ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಪ್ರಾಂಶುಪಾಲರ ಸಹಿ, ಮೊಹರು ಇರುವ ಪತ್ರ. ಎರಡು ಪ್ರತಿ ಮಾಡಿಸಿ, ಒಂದನ್ನು ಕಚೇರಿಯಲ್ಲಿ ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ.